ಕನ್ನಡಿ ಮುಂದೆ ಕೂತು ತನ್ನ ಮುಖ ತಾನೇ ಬಿಡಿಸುವುದು: ಮಕ್ಕಳಿಗೆ ಮನೆಯಲ್ಲೇ ಮಾಡಿಸಬಹುದಾದ ಚಟುವಟಿಕೆ

ಮಗುವಿಗೆ ಒಂದು ಹಾಳೆ ಕೊಟ್ಟು 'ನಿನ್ನ ಮುಖ ಬಿಡಿಸು' ಅಂತ ಹೇಳಿ ನೋಡಿ. ಎರಡು ನಿಮಿಷದಲ್ಲಿ ಚಿತ್ರ ಮುಗಿದಿರುತ್ತದೆ. ಒಂದು ದುಂಡು, ಎರಡು ಚುಕ್ಕೆ ಕಣ್ಣು, ಒಂದು ಗೀಟು ಮೂಗು, ನಗುವ ಬಾಯಿ. ಅಕ್ಕ ಬಿಡಿಸಿದರೂ ಅದೇ ಮುಖ, ಪಕ್ಕದ ಮನೆ ಹುಡುಗ ಬಿಡಿಸಿದರೂ ಅದೇ ಮುಖ. ಮುಖ ಅಂದರೆ ಹೀಗಿರುತ್ತದೆ ಅಂತ ತಲೆಯಲ್ಲಿ ಕೂತಿರುವುದನ್ನೇ ಮಕ್ಕಳು ಹಾಳೆಗೆ ಇಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಮಗುವಿನ ಎದುರಿಗೆ ಒಂದು ಕನ್ನಡಿ ಇಟ್ಟು, ಸ್ವಲ್ಪ ಹೊತ್ತು ಸುಮ್ನೆ ನೋಡೋಕೆ ಬಿಟ್ಟು, ಆಮೇಲೆ ಪೆನ್ಸಿಲ್ ಕೊಟ್ಟರೆ ಬರುವ ಚಿತ್ರವೇ ಬೇರೆ. ಹುಬ್ಬಿನ ಪಕ್ಕದ ಗಾಯದ ಗುರುತು ಬರುತ್ತದೆ, ಬಿದ್ದ ಹಲ್ಲಿನ ಜಾಗ ಬರುತ್ತದೆ, ಅಜ್ಜಿ ಎಣ್ಣೆ ಹಚ್ಚಿ ತೆಗೆದ ಬೈತಲೆ ಬರುತ್ತದೆ.

ಈ ಚಟುವಟಿಕೆಯಲ್ಲಿ ಮುಕ್ಕಾಲು ಪಾಲು ಕೆಲಸ ನೋಡುವುದೇ. ಕೈ ಕೆಲಸ ಉಳಿದ ಕಾಲು ಪಾಲು. ದೊಡ್ಡವರು ಮಾಡಬೇಕಾದ್ದು ಇನ್ನೂ ಕಮ್ಮಿ: ಪ್ರಶ್ನೆ ಕೇಳುವುದು, ಪೆನ್ಸಿಲ್ ಮುಟ್ಟದೇ ಇರುವುದು. ಇದೊಂದನ್ನು ಪಾಲಿಸಿದರೆ ಕೆಳಗೆ ಬರೆದಿರುವುದರಲ್ಲಿ ಅರ್ಧ ಮರೆತರೂ ನಡೆಯುತ್ತದೆ.

ನಮ್ಮ ಮೈಸೂರು, ಮಂಡ್ಯ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡೋಕಾಗಲ್ಲ. ದಸರಾ ರಜೆಯಲ್ಲೂ ಅಷ್ಟೇ, ಗೊಂಬೆ ಕೂರಿಸುವ ಸಂಭ್ರಮ ಮುಗಿದ ಮೇಲೆ ಟಿವಿ, ಮೊಬೈಲ್ ಶುರುವಾಗುತ್ತದೆ. ಅಂಥ ಹೊತ್ತಿಗೆ ಇದು ಸರಿ. ಖರ್ಚು ಅಂತ ಹೇಳಿಕೊಳ್ಳುವಷ್ಟು ಏನೂ ಇಲ್ಲ.

ಏನೇನು ಬೇಕು

ಮೊದಲು ಕನ್ನಡಿ. ಮುಖ, ಕತ್ತು, ಕೂದಲು ಪೂರ್ತಿ ಕಾಣುವಷ್ಟು ದೊಡ್ಡದಿರಬೇಕು, ಅಂಗೈ ಅಗಲದ್ದು ಸಾಲದು. ದೇವರಾಜ ಮಾರ್ಕೆಟ್ ಸುತ್ತಮುತ್ತಲ ಅಂಗಡಿಗಳಲ್ಲೋ, ನಿಮ್ಮೂರಿನ ಸಂತೆಯಲ್ಲೋ ಸಿಗುವ ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ ಸಾಕು. ಚೌಕಟ್ಟಿಲ್ಲದ ಕನ್ನಡಿಯಾದರೆ ಅಂಚಿಗೆಲ್ಲ ಅಗಲದ ಟೇಪ್ ಸುತ್ತಿಬಿಡಿ, ಮಗು ಹಿಡಿದೆಳೆದರೂ ಕೈ ಕೊಯ್ಯುವುದಿಲ್ಲ. ಇನ್ನು ಬೀರುವಿನ ಕನ್ನಡಿ ಇದ್ದರೆ ಇನ್ನೂ ಒಳ್ಳೆಯದು, ಅದು ಅಲುಗಾಡುವುದಿಲ್ಲ.

ಹಾಳೆ ಎ4 ಅಳತೆಯದ್ದಿರಲಿ, ಬಣ್ಣ ನೀರಿನದ್ದು ಹಚ್ಚುವುದಾದರೆ ದಪ್ಪ ಡ್ರಾಯಿಂಗ್ ಶೀಟ್ ಬೇಕು. ಪರೀಕ್ಷೆಗೆ ತೆಗೆದುಕೊಂಡು ಹೋಗುವ ಕ್ಲಿಪ್ ಇರುವ ರಟ್ಟು ಇದ್ದರೆ ಹಾಳೆ ಜಾರುವುದಿಲ್ಲ. ಪೆನ್ಸಿಲ್ 2ಬಿ ಸಿಕ್ಕರೆ ತಗೊಳ್ಳಿ, ಒತ್ತದೆಯೇ ಕಪ್ಪಗೆ ಮೂಡುತ್ತದೆ. ಇಲ್ಲದಿದ್ದರೆ ಎಚ್‌ಬಿ. ಮೆಂಡರ್, ಕ್ರೇಯಾನ್ಸ್, ಒಂದು ಸ್ಕೇಲ್, ಒಣಗಿದ ಸೋಪಿನ ಚೂರು (ಸೋಪು ಯಾಕೆ ಅಂತ ಆಮೇಲೆ ಹೇಳುತ್ತೇನೆ). ರಬ್ಬರ್ ಮಾತ್ರ ಕೈಗೆ ಸಿಗದ ಕಡೆ ಇಡಿ. ರಬ್ಬರ್ ಪಕ್ಕದಲ್ಲಿದ್ದರೆ ಮಗು ಚಿತ್ರ ಬಿಡಿಸುವುದಕ್ಕಿಂತ ಜಾಸ್ತಿ ಅಳಿಸುತ್ತಾ ಕೂರುತ್ತದೆ.

ಮೊಬೈಲಿನಲ್ಲಿ ಸೆಲ್ಫಿ ತೆಗೆದು ಅದನ್ನೇ ನೋಡಿ ಬಿಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಕೈಯಳತೆಯಲ್ಲಿ ಹಿಡಿದು ತೆಗೆದ ಫೋಟೋದಲ್ಲಿ ಕ್ಯಾಮೆರಾಕ್ಕೆ ಹತ್ತಿರ ಇರುವ ಮೂಗು ಇರುವುದಕ್ಕಿಂತ ದಪ್ಪ ಕಾಣುತ್ತದೆ, ಕಿವಿಗಳು ಹಿಂದಕ್ಕೆ ಸರಿದುಬಿಡುತ್ತವೆ. ಅದೂ ಅಲ್ಲದೆ ಫೋಟೋ ಅಲುಗಾಡುವುದಿಲ್ಲ. ಕನ್ನಡಿಯಲ್ಲಿರುವ ಮುಖ ಮಗುವಿನ ಜೊತೆ ಹುಬ್ಬು ಏರಿಸುತ್ತದೆ, ಕೆನ್ನೆ ಉಬ್ಬಿಸುತ್ತದೆ, ನಾಲಿಗೆ ಚಾಚುತ್ತದೆ. ಮುಖದ ಒಳಗೆ ಏನೇನಿದೆ ಅಂತ ಗೊತ್ತಾಗುವುದು ಹೀಗೆ ಆಡಿಸಿ ನೋಡಿದಾಗಲೇ.

ಎಲ್ಲಿ ಕೂರಿಸುವುದು

ಕಿಟಕಿ ಪಕ್ಕ. ಬೆಳಕು ಒಂದು ಬದಿಯಿಂದ ಮುಖದ ಮೇಲೆ ಬೀಳಬೇಕು. ಆಗ ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಕೆನ್ನೆ ಸ್ವಲ್ಪ ನೆರಳಲ್ಲಿ ಕಾಣುತ್ತದೆ, ಮೂಗಿನ ಏಣು ಎಲ್ಲಿದೆ ಅಂತ ಮಗುವಿಗೆ ತಾನೇ ತಿಳಿಯುತ್ತದೆ. ನೆತ್ತಿ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಕಣ್ಣಿನ ಗುಳಿಯಲ್ಲಿ ನೆರಳು ತುಂಬಿಕೊಳ್ಳುತ್ತದೆ. ಕಿಟಕಿ ಮಗುವಿನ ಬೆನ್ನಿಗೆ ಬಂದರೆ ಮುಖವೇ ಕಪ್ಪಾಗಿಬಿಡುತ್ತದೆ. ಬೆಳಗ್ಗೆ ಒಂಬತ್ತು, ಹತ್ತು ಗಂಟೆ ಹೊತ್ತು ಒಳ್ಳೆಯದು.

ಕನ್ನಡಿಯ ನಡುಭಾಗ ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎದುರಿಗೆ ಒಂದು ಸ್ಟೂಲಿನ ಮೇಲೆ ಕನ್ನಡಿ ಗೋಡೆಗೆ ಒರಗಿಸಿದರೆ ಸಾಕು. ಹಿಂದಕ್ಕೆ ಜಾಸ್ತಿ ವಾಲಿದ್ದರೆ ಮುಖ ಸರಿಯಾಗಿ ಕಾಣಲ್ಲ, ಅದಕ್ಕೆ ಬುಡಕ್ಕೆ ಎರಡು ದಪ್ಪ ಪುಸ್ತಕ ಅಡ್ಡ ಇಟ್ಟು ನೆಟ್ಟಗೆ ನಿಲ್ಲಿಸಿ. ಮಗು ಮತ್ತು ಕನ್ನಡಿಯ ನಡುವೆ ಒಂದೂವರೆ ಅಡಿ ಜಾಗ ಇರಲಿ.

ಮೊದಲ ಕೆಲಸ, ನೋಡುವುದು

ಪೆನ್ಸಿಲ್ ಇನ್ನೂ ಕೊಡಬೇಡಿ. ಐದು ನಿಮಿಷ ಬರೀ ನೋಡಲಿ. ಆದರೆ 'ನೋಡು' ಅಂದರೆ ಮಗು ಅರ್ಧ ನಿಮಿಷ ನೋಡಿ 'ನೋಡಾಯ್ತು' ಅನ್ನುತ್ತದೆ. ಅದಕ್ಕೇ ಕೇಳಬೇಕು. 'ಎರಡು ಹುಬ್ಬೂ ಒಂದೇ ಥರ ಇದೆಯಾ ಪುಟ್ಟಾ?' 'ನಿನ್ನ ಕಿವಿ ಎಲ್ಲಿಂದ ಶುರುವಾಗತ್ತೆ, ಎಲ್ಲಿ ಮುಗಿಯತ್ತೆ?' 'ಮೇಲ್ತುಟಿ ದಪ್ಪನಾ ಕೆಳತುಟಿ ದಪ್ಪನಾ?' 'ಕಣ್ಣಿನ ಕಪ್ಪು ದುಂಡಗೆ ಪೂರ್ತಿ ಕಾಣುತ್ತಾ, ರೆಪ್ಪೆ ಅದರ ಮೇಲೆ ಸ್ವಲ್ಪ ಮುಚ್ಚಿದೆಯಾ?' ಕೊನೆಯದ್ದು ಬಹಳ ಒಳ್ಳೆ ಪ್ರಶ್ನೆ. ಮಾಮೂಲಾಗಿ ನೋಡುವಾಗ ಮೇಲಿನ ರೆಪ್ಪೆ ಆ ಕಪ್ಪು ದುಂಡಿನ ತುದಿಯನ್ನು ಮುಚ್ಚಿರುತ್ತದೆ. ದುಂಡು ಪೂರ್ತಿ ಕಾಣುವ ಹಾಗೆ ಬಿಡಿಸಿದರೆ ಹೆದರಿಕೊಂಡ ಮುಖ ಆಗುತ್ತದೆ. ಇದನ್ನು ನೀವು ಹೇಳಿಕೊಡಬೇಡಿ, ಕಣ್ಣು ಅಗಲ ಮಾಡಿ ಒಮ್ಮೆ, ಮಾಮೂಲಾಗಿ ಒಮ್ಮೆ ನೋಡೋಕೆ ಹೇಳಿ. ತಾನೇ ಕಂಡುಕೊಳ್ಳುತ್ತದೆ.

ಕಣ್ಣು ಮುಚ್ಚಿ ಬೆರಳಿಂದ ಮುಖ ಮುಟ್ಟಿಸುವುದೂ ಒಳ್ಳೆಯದು. ಹುಬ್ಬಿನ ಕೆಳಗಿನ ಮೂಳೆ, ಕೆನ್ನೆಯ ಮೂಳೆ, ಗದ್ದದ ಗಟ್ಟಿ ಎಲ್ಲವೂ ಕೈಗೆ ಸಿಗುತ್ತವೆ. ಆಮೇಲೆ ನೆರಳು ಹಾಕುವಾಗ ಅದೇ ನೆನಪಾಗುತ್ತದೆ.

ಸೋಪಿನ ಆಟ

ಈಗ ಸೋಪಿನ ಚೂರು. ಬೀರುವಿನ ಕನ್ನಡಿ ಮುಂದೆ ಮಗುವನ್ನು ಕೈ ಎಟಕುವಷ್ಟು ದೂರಕ್ಕೆ ನಿಲ್ಲಿಸಿ. ಒಂದು ಕಣ್ಣು ಮುಚ್ಚಲಿ, ತಲೆ ಅಲ್ಲಾಡಿಸಬಾರದು. ಕನ್ನಡಿಯಲ್ಲಿ ಕಾಣುವ ತನ್ನ ಮುಖದ ಸುತ್ತ ಸೋಪಿನಿಂದ ಗೆರೆ ಎಳೆಯಲಿ. ನೆತ್ತಿಯಲ್ಲಿ ಒಂದು ಗುರುತು, ಗದ್ದದಲ್ಲಿ ಒಂದು, ಕಣ್ಣಿರುವ ಕಡೆ ಒಂದು ಅಡ್ಡಗೆರೆ, ಮೂಗಿನ ಬುಡಕ್ಕೆ ಒಂದು, ಬಾಯಿಗೆ ಒಂದು. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆಯನ್ನು ಸ್ಕೇಲಿನಲ್ಲಿ ಅಳೆಯಲಿ. ಮಗುವಿನ ಮುಖವನ್ನೂ ಅಳೆಯಿರಿ. ಕನ್ನಡಿ ಮೇಲಿನ ಮುಖ ನಿಜವಾದ ಮುಖದ ಸರಿ ಅರ್ಧ ಇರುತ್ತದೆ! ಹಿಂದೆ ಸರಿದು ನಿಂತು ಕೋಲಿನ ತುದಿಗೆ ಸೋಪು ಕಟ್ಟಿ ಬರೆದರೂ ಅರ್ಧವೇ. ನಾವು ಕನ್ನಡಿಯಿಂದ ಎಷ್ಟು ಮುಂದೆ ಇರುತ್ತೇವೋ ನಮ್ಮ ಬಿಂಬ ಅಷ್ಟೇ ಹಿಂದೆ ಇರುತ್ತದೆ, ಕನ್ನಡಿ ಸರಿಯಾಗಿ ನಡುವೆ ಬರುತ್ತದೆ, ಅದಕ್ಕೇ ಹೀಗೆ. ಐದನೇ ಕ್ಲಾಸಿನ ಮೇಲಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ, ಸಣ್ಣವರಿಗೆ ಅಚ್ಚರಿಯಷ್ಟೇ ಸಾಕು.

ಈ ಆಟಕ್ಕೆ ಇನ್ನೊಂದು ಉಪಯೋಗ ಇದೆ. ನೆತ್ತಿಯಿಂದ ಕಣ್ಣಿನ ಗೆರೆಗೆ ಎಷ್ಟು, ಕಣ್ಣಿನ ಗೆರೆಯಿಂದ ಗದ್ದಕ್ಕೆ ಎಷ್ಟು ಅಂತ ಸ್ಕೇಲ್ ಇಟ್ಟು ಕೇಳಿ. ದೊಡ್ಡವರಿಗೆ ಎರಡೂ ಹತ್ತಿರ ಹತ್ತಿರ ಸಮ ಇರುತ್ತದೆ, ಅಂದರೆ ಕಣ್ಣು ತಲೆಯ ಅರ್ಧಕ್ಕೆ ಬರುತ್ತದೆ. ಮಕ್ಕಳಿಗೆ ಹಣೆ ದೊಡ್ಡದು, ಹಾಗಾಗಿ ಕಣ್ಣು ಅರ್ಧಕ್ಕಿಂತ ಸ್ವಲ್ಪ ಕೆಳಗೇ ಬರುತ್ತದೆ. ಆದರೆ ಹೆಚ್ಚಿನ ಮಕ್ಕಳು, ದೊಡ್ಡವರೂ ಅಷ್ಟೇ, ಕಣ್ಣನ್ನು ಹಣೆಯ ಹತ್ತಿರ ಬಿಡಿಸುತ್ತಾರೆ. ಯಾಕೆಂದರೆ ನಾವು ಒಬ್ಬರ ಮುಖ ನೋಡುವಾಗ ಕಣ್ಣು, ಮೂಗು, ಬಾಯಿ ನೋಡುತ್ತೇವೆ, ಹಣೆ ಮತ್ತು ನೆತ್ತಿ ಎಷ್ಟು ಜಾಗ ತಗೊಂಡಿದೆ ಅಂತ ನೋಡುವುದೇ ಇಲ್ಲ. 'ಕಣ್ಣು ಕೆಳಗೆ ಬರಬೇಕು' ಅಂತ ನೀವು ಹತ್ತು ಸಲ ಹೇಳುವುದಕ್ಕಿಂತ, ಮಗು ತಾನೇ ಅಳೆದು 'ಅಯ್ಯೋ ಹೌದಲ್ವಾ' ಅಂದುಕೊಳ್ಳುವುದು ಎಷ್ಟೋ ಮೇಲು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಕನ್ನಡಿ ಒರೆಸಿಬಿಡಿ.

ಹಾಳೆಗೆ ಬರೋಣ

ಹಾಳೆ ಉದ್ದಕ್ಕೆ ಇಟ್ಟುಕೊಂಡು ಮೊಟ್ಟೆ ಆಕಾರ, ಚೂಪು ಕಡೆ ಕೆಳಗೆ. ದುಂಡು ಮುಖದ ಮಗುವಾದರೆ ದುಂಡಗೆ, ಕನ್ನಡಿ ಏನು ಹೇಳುತ್ತದೋ ಹಾಗೆ. ದೊಡ್ಡದಾಗಿ ಬಿಡಿಸಲಿ, ಹಾಳೆಯ ಮುಕ್ಕಾಲು ಭಾಗ ತಲೆಯೇ ತುಂಬಲಿ. ಸಣ್ಣ ಮುಖ ಬಿಡಿಸಿದರೆ ಕಣ್ಣಿನೊಳಗೆ ಏನೂ ಹಾಕೋಕಾಗಲ್ಲ. ಗೆರೆ ತೆಳ್ಳಗಿರಬೇಕು, ಒತ್ತಬಾರದು, ತಪ್ಪಿದರೆ ಪಕ್ಕದಲ್ಲೇ ಇನ್ನೊಂದು ಗೆರೆ.

ನಡುವಿಗಿಂತ ಸ್ವಲ್ಪ ಕೆಳಗೆ ಅಡ್ಡಕ್ಕೆ ಒಂದು ಮಸುಕು ಗೆರೆ, ಅದರ ಮೇಲೆ ಕಣ್ಣು. ಎರಡು ಕಣ್ಣಿನ ನಡುವೆ ಸುಮಾರು ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಇರುತ್ತದೆ. ಕಣ್ಣಿನ ಗೆರೆಗೂ ಗದ್ದಕ್ಕೂ ನಡುವೆ ಮೂಗಿನ ಬುಡ. ಮೂಗಿನ ಬುಡದಿಂದ ಗದ್ದದವರೆಗಿನ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಕೆಳಗೆ ಎರಡು ತುಟಿ ಸೇರುವ ಗೆರೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇವೆಲ್ಲ ಸುಮಾರು ಲೆಕ್ಕ, ನಿಯಮ ಅಲ್ಲ. 'ನಿಂದು ಹಾಗಿದೆಯಾ ನೋಡು' ಅಂತಲೇ ಕೇಳಬೇಕು. ಹಾಗಿಲ್ಲದಿದ್ದರೆ ಕನ್ನಡಿಯೇ ಸರಿ.

ಮೂಗು ಮಕ್ಕಳಿಗೆ ಕಷ್ಟ. ಪಕ್ಕದಿಂದ ನೋಡಿದ ಹಾಗೆ ಒಂದು ಕೊಕ್ಕೆ ಎಳೆದುಬಿಡುತ್ತಾರೆ. ಮೇಲಿಂದ ಶುರು ಮಾಡಬೇಡ, ಕೆಳಗಿಂದ ಶುರು ಮಾಡು ಅಂತ ಹೇಳಿ. ಮೊದಲು ಎರಡು ಹೊಳ್ಳೆ, ಆಮೇಲೆ ಅವುಗಳ ಪಕ್ಕದ ಉಬ್ಬು, ಆಮೇಲೆ ತುದಿ. ಮೂಗಿನ ಎರಡೂ ಬದಿಗೆ ಉದ್ದ ಗೆರೆ ಎಳೆಯಬೇಕಾಗಿಯೇ ಇಲ್ಲ, ಒಂದು ಕಡೆ ಸ್ವಲ್ಪ ನೆರಳು ಹಾಕಿದರೆ ಮೂಗು ಎದ್ದು ನಿಲ್ಲುತ್ತದೆ. ಬಾಯಿಗೂ ಹಾಗೆ, ಮೊದಲು ಎರಡು ತುಟಿ ಸೇರುವ ಗೆರೆ, ತುಟಿಯ ಅಂಚು ಆಮೇಲೆ. ನಗುತ್ತಾ ಕೂರಬೇಕು ಅಂತೇನಿಲ್ಲ. ಹತ್ತು ನಿಮಿಷ ಒಂದೇ ಸಮ ನಗೋಕೆ ಯಾರಿಗೂ ಆಗಲ್ಲ, ಸುಮ್ಮನಿರುವ ಮುಖವೇ ಬಿಡಿಸೋಕೆ ಸುಲಭ.

ಕಣ್ಣಿನ ಕಪ್ಪಿನಲ್ಲಿ ಕಿಟಕಿಯ ಬೆಳಕು ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಯ ಜಾಗ ಹಾಳೆಯಲ್ಲಿ ಖಾಲಿ ಬಿಡಲು ಹೇಳಿ. ಅಷ್ಟು ಮಾಡಿದ ಕೂಡಲೇ ಚಿತ್ರಕ್ಕೆ ಜೀವ ಬರುತ್ತದೆ, ಮಕ್ಕಳೇ ಅದನ್ನು ನೋಡಿ ಕುಣಿಯುತ್ತಾರೆ.

ಕತ್ತು ಮರೆಯದ ಮಕ್ಕಳು ಕಮ್ಮಿ, ಬಿಡಿಸಿದರೂ ಕಡ್ಡಿಯಷ್ಟು ತೆಳ್ಳಗೆ ಬಿಡಿಸುತ್ತಾರೆ. ಕತ್ತು ಎಲ್ಲಿಂದ ಇಳಿಯುತ್ತದೆ, ಕಿವಿಯ ಕೆಳಗಿಂದಲಾ ಗದ್ದದ ಕೆಳಗಿಂದಲಾ ಅಂತ ಕೈಯಿಟ್ಟು ನೋಡಿಕೊಳ್ಳಲಿ. ಕೊನೆಗೆ ಕೂದಲು, ಬೈತಲೆ, ಜಡೆ, ಓಲೆ, ಹಣೆಬೊಟ್ಟು, ವಿಭೂತಿ, ಕನ್ನಡಕ. ಇವತ್ತು ಮುಖದ ಮೇಲೆ ಏನಿದೆಯೋ ಅದೆಲ್ಲ ಬರಲಿ, ಸೊಳ್ಳೆ ಕಚ್ಚಿದ ಗುಳ್ಳೆ ಕೂಡ.

ವಯಸ್ಸಿನ ಮಾತು

ಮೂರು, ನಾಲ್ಕು ವರ್ಷದ ಮಕ್ಕಳಿಗೆ ಮೇಲಿನ ಅಳತೆ ಯಾವುದೂ ಬೇಡ. ಆ ವಯಸ್ಸಿನವರು ಒಂದು ದೊಡ್ಡ ದುಂಡು ಬಿಡಿಸಿ, ಅದರಿಂದಲೇ ನೇರ ಎರಡು ಕಾಲು ಇಳಿಸುತ್ತಾರೆ. ಹೊಟ್ಟೆ, ಕತ್ತು ಇರುವುದಿಲ್ಲ. ಲೋಕದ ಹೆಚ್ಚಿನ ಕಡೆ ಮಕ್ಕಳು ಈ ಹಂತ ದಾಟಿಯೇ ಬರುತ್ತಾರೆ, ತಿದ್ದಬೇಡಿ. ಕನ್ನಡಿ ನೋಡಿ, ಪ್ರಶ್ನೆ ಕೇಳಿ, ಬಿಡಿಸಲು ಬಿಡಿ. ಐದರಿಂದ ಏಳರವರೆಗೆ ಪ್ರಶ್ನೆ ಮತ್ತು ಸೋಪಿನ ಆಟ ಸಾಕು. ಎಂಟರ ಮೇಲೆ ಅಳತೆ, ನೆರಳು. ಈ ವಯಸ್ಸಿನಲ್ಲೇ 'ನನಗೆ ಬರಲ್ಲ' ಶುರುವಾಗುವುದು. ಆಗ ಪೂರ್ತಿ ಮುಖ ಬಿಟ್ಟು, ಸಣ್ಣ ಚೀಟಿಯ ಮೇಲೆ ಒಂದೇ ಒಂದು ಕಣ್ಣು ಬಿಡಿಸಲು ಹೇಳಿ. ಅಥವಾ ಹಾಳೆ ನೋಡದೆ, ಕನ್ನಡಿಯನ್ನೇ ನೋಡುತ್ತಾ, ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಮುಖ ಬಿಡಿಸುವ ಆಟ ಆಡಿಸಿ. ಕಣ್ಣು ಕಿವಿಯ ಹತ್ತಿರ ಹೋಗಿರುತ್ತದೆ, ಎಲ್ಲರೂ ನಗುತ್ತಾರೆ, ಚೆನ್ನಾಗಿ ಬರಬೇಕು ಅನ್ನುವ ಭಯ ಹೋಗುತ್ತದೆ. ನೀವೂ ಜೊತೆಗೆ ಕೂತು ನಿಮ್ಮ ಮುಖ ಬಿಡಿಸಿ. ಆದರೆ ನಿಮ್ಮ ಹಾಳೆಯಲ್ಲಿ, ಅವರ ಹಾಳೆಯಲ್ಲಿ ಬೇಡ.

ಬಣ್ಣ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರೇಯಾನ್ ಡಬ್ಬಿಯಲ್ಲಿ ಮಕ್ಕಳು 'ಸ್ಕಿನ್ ಕಲರ್' ಅಂತ ಕರೆಯುವ ಒಂದು ಬಣ್ಣ ಇರುತ್ತದೆ. ತಿಳಿ ಗುಲಾಬಿ. ನಮ್ಮ ಕಡೆ ಎಷ್ಟು ಮಕ್ಕಳ ಮೈಬಣ್ಣ ಅದು ಹೇಳಿ? ಆದರೂ ಎಲ್ಲರೂ ಅದನ್ನೇ ಹಚ್ಚುತ್ತಾರೆ, ಯಾಕೆಂದರೆ ಅದಕ್ಕೆ ಆ ಹೆಸರಿದೆ. ಇಷ್ಟು ಹೊತ್ತು ಕನ್ನಡಿ ನೋಡಿ ನೋಡಿ ಬಿಡಿಸಿದ ಮುಖಕ್ಕೆ ಕೊನೆಯಲ್ಲಿ ಬೇರೆ ಯಾರದ್ದೋ ಬಣ್ಣ ಬೀಳುತ್ತದೆ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಆ ಬಣ್ಣವನ್ನು ಪಕ್ಕಕ್ಕಿಡಿ. ಒಂದು ಬೇರೆ ಹಾಳೆಯ ಮೇಲೆ ಮಗುವಿನ ಮುಂಗೈ ಇಡಿಸಿ, ಪಕ್ಕದಲ್ಲೇ ಬಣ್ಣ ಹಚ್ಚಿ ಹೋಲಿಸಿ ನೋಡಲಿ. ಮೊದಲು ಹಳದಿ ತೆಳ್ಳಗೆ, ಅದರ ಮೇಲೆ ಕಿತ್ತಳೆ ತೆಳ್ಳಗೆ, ಅದರ ಮೇಲೆ ಕಂದು. ಯಾವುದು ಎಷ್ಟು ಅಂತ ಕೈಯೇ ಹೇಳುತ್ತದೆ. ಕಪ್ಪು ಮೈಬಣ್ಣಕ್ಕೆ ಕಂದು ಜಾಸ್ತಿ ಹಾಕಿ, ನೆರಳಿರುವ ಕಡೆ ಕಡುನೀಲಿ ಅಥವಾ ನೇರಳೆಯನ್ನು ತೇಲಿಸಿ ಹಚ್ಚಿದರೆ ಬಹಳ ಚೆನ್ನಾಗಿ ಬರುತ್ತದೆ. ನೇರ ಕಪ್ಪು ಕ್ರೇಯಾನ್ ಹಚ್ಚಿದರೆ ಮುಖ ಮಸಿಯಾಗುತ್ತದೆ, ಅದನ್ನು ಕೂದಲಿಗೆ ಇಟ್ಟುಕೊಳ್ಳಲಿ. ಅದರಲ್ಲೂ ಎಣ್ಣೆ ಹಚ್ಚಿದ ಕೂದಲು ಹೊಳೆಯುವ ಕಡೆ ಖಾಲಿ ಬಿಡಬೇಕು.

ನೀರಿನ ಬಣ್ಣ ಇಲ್ಲದಿದ್ದರೆ ಅಡುಗೆಮನೆಗೆ ಹೋಗಿ. ಫಿಲ್ಟರಿನ ಕಾಫಿ ಡಿಕಾಕ್ಷನ್ ಒಳ್ಳೆ ಕಂದು ಬಣ್ಣ. ನೀರು ಬೆರೆಸಿದರೆ ತಿಳಿ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿದರೆ ಗಾಢ. ಚಿಟಿಕೆ ಅರಿಶಿನ ನೀರಿಗೆ ಹಾಕಿ ಮೊದಲ ಪದರಕ್ಕೆ ಹಚ್ಚಿ, ಒಣಗಲು ಬಿಟ್ಟು, ಅದರ ಮೇಲೆ ಡಿಕಾಕ್ಷನ್ ಹಚ್ಚಿದರೆ ನಮ್ಮ ಮೈಬಣ್ಣಕ್ಕೆ ತುಂಬಾ ಹತ್ತಿರ ಬರುತ್ತದೆ. ಸಕ್ಕರೆ ಹಾಕಿದ ಕಾಫಿ ಮಾತ್ರ ಬೇಡ, ಅಂಟಂಟಾಗುತ್ತದೆ, ಇರುವೆಯೂ ಬರುತ್ತದೆ.

ಬಣ್ಣ ಹಚ್ಚುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಬಂದು 'ಅಷ್ಟು ಕಪ್ಪಗೆ ಹಾಕ್ಬೇಡ ಕಣಮ್ಮಾ, ಚೆನ್ನಾಗಿ ಕಾಣಲ್ಲ' ಅನ್ನಬಹುದು. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೂ ಆ ಮಾತನ್ನು ಅಲ್ಲಿಗೇ ತಡೆಯಬೇಕು. 'ಅತ್ತೆ, ಅವಳಿಗೆ ಕಂಡ ಬಣ್ಣ ಅವಳು ಹಾಕ್ತಿದಾಳೆ, ಹಾಕ್ಲಿ ಬಿಡಿ' ಅಂತ ಮಗುವಿನ ಎದುರಿಗೇ ಹೇಳಿ. ತನ್ನ ಬಣ್ಣ ಹಾಳೆಯ ಮೇಲೆ ಹಾಕುವುದಕ್ಕೂ ಹಿಂಜರಿಯಬೇಕು ಅಂತ ಮಗು ಕಲಿತರೆ ಅದನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಬೇರೆ ಮಾತುಗಳಲ್ಲೂ ಸ್ವಲ್ಪ ಎಚ್ಚರ. 'ಇದು ಯಾರೋ ಇದು?' ಅಂತ ತಮಾಷೆ ಬೇಡ. ಅಣ್ಣನದ್ದು ಚೆನ್ನಾಗಿದೆ, ನಿಂದು ಹೀಗೆ ಅನ್ನುವುದೂ ಬೇಡ. 'ಸೂಪರ್' ಅಂತ ಹೇಳಿ ಎದ್ದು ಹೋಗುವ ಬದಲು 'ಈ ಕಿವಿ ಎಷ್ಟು ಸರಿಯಾಗಿ ನೋಡಿದ್ದೀಯಲ್ಲ' ಅಂದರೆ ಮಗುವಿಗೆ ನೀವು ನಿಜವಾಗಿ ನೋಡಿದ್ದೀರಿ ಅಂತ ಗೊತ್ತಾಗುತ್ತದೆ. ಮಧ್ಯದಲ್ಲೇ ಸಿಟ್ಟು ಬಂದು ಹಾಳೆ ಮುದುರಿದರೆ ಅವತ್ತಿಗೆ ಸಾಕು, ನಾಳೆ ನೋಡೋಣ.

ಮಕ್ಕಳಿಗೆ ಹೇಳಬಹುದಾದ ಕೆಲವು ವಿಷಯ

ಮಗುವಿನ ಬಲಗೆನ್ನೆಯಲ್ಲಿ ಮಚ್ಚೆ ಇದ್ದರೆ, ಕನ್ನಡಿ ನೋಡಿ ಬಿಡಿಸಿದ ಚಿತ್ರದಲ್ಲಿ ಅದು ಎಡಗೆನ್ನೆಗೆ ಬಂದ ಹಾಗೆ ಕಾಣುತ್ತದೆ. ತಪ್ಪಾಯಿತು ಅಂತ ಮಗು ಗಾಬರಿಯಾದರೆ ವಿನ್ಸೆಂಟ್ ವ್ಯಾನ್ ಗೋ ಅನ್ನುವ ಚಿತ್ರಗಾರನ ಕಥೆ ಹೇಳಿ. 1888ರ ಕೊನೆಗೆ ಅವನ ಎಡಗಿವಿಗೆ ಗಾಯವಾಗಿತ್ತು. ಮುಂದಿನ ವರ್ಷದ ಶುರುವಿನಲ್ಲಿ ಕಿವಿಗೆ ಪಟ್ಟಿ ಕಟ್ಟಿಕೊಂಡೇ ಕನ್ನಡಿ ನೋಡಿ ತನ್ನ ಚಿತ್ರ ಬಿಡಿಸಿದ. ಆ ಚಿತ್ರದಲ್ಲಿ ಪಟ್ಟಿ ಬಲಗಿವಿಗೆ ಕಟ್ಟಿದ ಹಾಗಿದೆ. ಚಿತ್ರ ಬಿಡಿಸಲು ಎದುರಿಗೆ ಕೂರುವವರಿಗೆ ಕೊಡೋಕೆ ದುಡ್ಡು ಇಲ್ಲದ್ದರಿಂದ ತನ್ನದೇ ಮುಖವನ್ನು ಅವನು ಮತ್ತೆ ಮತ್ತೆ ಬಿಡಿಸುತ್ತಿದ್ದ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಕನ್ನಡಿ ನೋಡಿ ಬಿಡಿಸಿದ ತನ್ನ ಚಿತ್ರ ಇವತ್ತಿಗೂ ವಿಯೆನ್ನಾದಲ್ಲಿದೆ. ಹದಿಮೂರು ಅಂದರೆ ನಮ್ಮ ಎಂಟನೇ ಕ್ಲಾಸಿನ ಹುಡುಗ.

ಬೆಳಕು, ನೆರಳು ಮುಖದ ಮೇಲೆ ಹೇಗೆ ಕೂರುತ್ತದೆ ಅಂತ ತೋರಿಸೋಕೆ ದೂರ ಹೋಗಬೇಕಿಲ್ಲ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಮೈಸೂರಿನವರು ಅದನ್ನು ನೋಡದೇ ಇರುವುದು ಕಷ್ಟ. ಅದು ಜಲವರ್ಣ. ಚಿತ್ರಕ್ಕೆ ನಿಂತವರು ಅವರ ಮಗಳೇ. ದೀಪದ ಬೆಳಕು ಕೆಳಗಿಂದ ಬಂದು ಗದ್ದ, ಕೆನ್ನೆ, ಅಡ್ಡ ಹಿಡಿದ ಬೆರಳುಗಳ ಸಂದಿಯನ್ನೆಲ್ಲ ಕೆಂಪಗೆ ಮಾಡಿದೆ. ಸಂಜೆ ಕರೆಂಟ್ ಹೋದಾಗ ಮನೆಯಲ್ಲಿ ಟಾರ್ಚನ್ನು ಮಗುವಿನ ಗದ್ದದ ಕೆಳಗೆ, ಆಮೇಲೆ ಪಕ್ಕಕ್ಕೆ, ಆಮೇಲೆ ನೆತ್ತಿ ಮೇಲೆ ಹಿಡಿದು ಕನ್ನಡಿಯಲ್ಲಿ ತೋರಿಸಿ. ಒಂದೇ ಮುಖ ಮೂರು ಥರ ಕಾಣುತ್ತದೆ. ಮಕ್ಕಳ ಕೈಗೆ ದೀಪ, ಮೇಣದಬತ್ತಿ ಕೊಡಬೇಡಿ, ಟಾರ್ಚೇ ಸಾಕು.

ಚಿತ್ರ ಎತ್ತಿಡುವಾಗ

ಹಿಂದುಗಡೆ ಹೆಸರು, ತಾರೀಖು, ವಯಸ್ಸು ಬರೆಸಿ, ಮಗುವಿನ ಕೈಬರಹದಲ್ಲೇ. ಪ್ರತಿ ದಸರಾ ರಜೆಗೆ ಒಂದು ಚಿತ್ರ ಅಂತ ಇಟ್ಟುಕೊಂಡರೆ ನಾಲ್ಕೈದು ವರ್ಷಕ್ಕೆ ಒಳ್ಳೆ ಸಾಲು ಆಗುತ್ತದೆ. ಕ್ರೇಯಾನ್ ಹಚ್ಚಿದ ಚಿತ್ರವನ್ನು ಲ್ಯಾಮಿನೇಷನ್‌ಗೆ ಕೊಡಬೇಡಿ, ಬಿಸಿಗೆ ಮೇಣ ಕರಗಿ ಹರಡುತ್ತದೆ. ಅರಿಶಿನ ಹಚ್ಚಿದ್ದನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ಎರಡು ಚಿತ್ರದ ನಡುವೆ ಒಂದು ಖಾಲಿ ಹಾಳೆ ಇಟ್ಟು ಫೈಲಿನಲ್ಲಿ ಹಾಕಿ, ಬೀರುವಿನ ಮೇಲಿನ ಅರೆಯಲ್ಲಿ ಮಲಗಿಸಿಡಿ. ಮಡಚಬೇಡಿ, ಮಡಿಕೆ ಸರಿಯಾಗಿ ಮೂಗಿನ ಮೇಲೇ ಬರುತ್ತದೆ.